ಹುಟ್ಟಿದ ದಿನ ಬದಲಾಯಿಸೋಕಾಗಲ್ಲ

ಹೋದ ತಿಂಗಳು ಎರಡು ದಿನ ರಜೆ ಸಿಕ್ಕಿತು ಅಂತ ಮೈಸೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗನಿಗೆ ಈಗ ಹದಿಮೂರು. ಒಂದು ವರ್ಷದಿಂದ ಕಾಡಿ ಬೇಡಿ, ಕೊನೆಗೆ ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದು, ಗೇಮ್ ಆಡುವ ಕನ್ಸೋಲ್ ಕೊಡಿಸಿಕೊಂಡಿದ್ದ. ನಾನು ಬರಲಿ ಅಂತಲೇ ಡಬ್ಬ ಬಿಚ್ಚದೆ ಕಾದಿದ್ದ. ಇಬ್ಬರೂ ಸೇರಿ ಟಿವಿಗೆ ಕೇಬಲ್ ಹಾಕಿದೆವು, ವೈಫೈ ಜೋಡಿಸಿದೆವು. ಆಮೇಲೆ ಖಾತೆ ತೆರೆಯುವ ಪುಟ ಬಂತು. ಹೆಸರು, ಇಮೇಲ್ ಎಲ್ಲ ಚಕಚಕ ಒತ್ತಿದ. ಹುಟ್ಟಿದ ದಿನದ ಜಾಗಕ್ಕೆ ಬಂದಾಗ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಮಾವ, ನಿಜವಾದ್ದೇ ಕೊಡ್ಬೇಕಾ?"

"ಯಾಕೋ?"

"ಸ್ಕೂಲಲ್ಲಿ ಮಿಸ್ ಹೇಳಿದ್ರು, ಹುಟ್ಟಿದ ದಿನ ಯಾರಿಗೂ ಕೊಡ್ಬಾರ್ದು ಅಂತ."

ನಾನು ಹದಿನೈದು ವರ್ಷಗಳಿಂದ ಕಂಪ್ಯೂಟರ್ ಕೆಲಸದಲ್ಲೇ ಇದ್ದೇನೆ. ಆದರೂ ಆ ಕ್ಷಣಕ್ಕೆ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. "ತಡಿ, ಮೊದಲು ಒಂದು ಕತೆ ಹೇಳ್ತೀನಿ" ಅಂದೆ. ಅವನು ಹುಟ್ಟುವುದಕ್ಕೂ ಮುಂಚೆ ನಡೆದ ಕತೆ ಅದು. ಅವತ್ತು ಅವನಿಗೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ. ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

2011ರ ಏಪ್ರಿಲ್ 19, ಮಂಗಳವಾರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಂಜೆ ನಾಲ್ಕೂಕಾಲು. ಸೋನಿ ಕಂಪನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್. ಅದರಲ್ಲಿ ಆನ್‌ಲೈನ್ ಆಡುವವರನ್ನೆಲ್ಲ ಜೋಡಿಸುವ ಪ್ಲೇಸ್ಟೇಷನ್ ನೆಟ್‌ವರ್ಕ್ ನೋಡಿಕೊಳ್ಳುವ ತಂಡದವರಿಗೆ ಒಂದು ವಿಚಿತ್ರ ಕಾಣಿಸಿತು. ಕೆಲವು ಸರ್ವರ್‌ಗಳು, ಅಂದರೆ ನೆಟ್‌ವರ್ಕ್ ನಡೆಸುವ ಕಂಪ್ಯೂಟರ್‌ಗಳು, ಯಾರೂ ಹೇಳದೆಯೇ ತಾವಾಗಿ ಆರಿ ಮತ್ತೆ ಶುರುವಾಗುತ್ತಿದ್ದವು, ರೀಬೂಟ್ ಆಗುತ್ತಿದ್ದವು. ನಡುರಾತ್ರಿ ಯಾರೂ ಇಲ್ಲದ ಕೋಣೆಯಲ್ಲಿ ದೀಪ ಹತ್ತಿ ಆರಿದ ಹಾಗೆ. ಈ ಕೆಲಸ ಮಾಡಿದವರಿಗೆ ಗೊತ್ತು, ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ. ನಾಲ್ಕು ಸರ್ವರ್‌ಗಳನ್ನು ಆಗಲೇ ಪಕ್ಕಕ್ಕೆ ತೆಗೆದರು. ಮರುದಿನ ನೋಡಿದರೆ ಇನ್ನೂ ಆರು ಸರ್ವರ್‌ಗಳ ಮೇಲೆ ಅನುಮಾನ. ಮಧ್ಯಾಹ್ನದ ಹೊತ್ತಿಗೆ ಯಾರೋ ಒಳಗೆ ಬಂದಿದ್ದಾರೆ, ಏನೋ ಒಂದಷ್ಟು ಮಾಹಿತಿ ಹೊರಗೆ ಹೋಗಿದೆ ಅನ್ನುವುದಕ್ಕೆ ಪುರಾವೆ ಸಿಕ್ಕಿತು. ಏನು ಹೋಗಿದೆ, ಎಷ್ಟು ಹೋಗಿದೆ ಗೊತ್ತಿಲ್ಲ. ಆ ನೆಟ್‌ವರ್ಕಿನಲ್ಲಿ ಇದ್ದದ್ದು ಸುಮಾರು 130 ಸರ್ವರ್. ಅವರು ಇಡೀ ನೆಟ್‌ವರ್ಕನ್ನೇ ಬಂದ್ ಮಾಡಿಬಿಟ್ಟರು.

ಬಂದ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ದುಡ್ಡು ಬರುವ ಬಾಗಿಲನ್ನು ತಾವೇ ಮುಚ್ಚುವುದಕ್ಕೆ ಧೈರ್ಯ ಬೇಕು. ಆಗ ಅಲ್ಲಿದ್ದ ಖಾತೆಗಳು 7 ಕೋಟಿ 70 ಲಕ್ಷ. ಅದೇ ವರ್ಷದ ಜನಗಣತಿ ಪ್ರಕಾರ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ನಮ್ಮ ರಾಜ್ಯದ ಕೂಸಿನಿಂದ ಹಿಡಿದು ಮುದುಕರ ತನಕ ಎಲ್ಲರಿಗೂ ಒಂದೊಂದು ಖಾತೆ ಕೊಟ್ಟರೂ ಇನ್ನೂ ಒಂದೂವರೆ ಕೋಟಿ ಉಳಿಯುತ್ತಿತ್ತು.

ಹೊರಗೆ ಕೂತವರಿಗೆ ಕಂಡದ್ದು ಇಷ್ಟೇ: ಕನ್ಸೋಲ್ ಆನ್ ಮಾಡಿದರೆ ಲಾಗಿನ್ ಆಗುತ್ತಿಲ್ಲ. ಆ ಮಂಗಳವಾರವೇ ಅಮೆರಿಕದಲ್ಲಿ ಪೋರ್ಟಲ್ 2, ಮಾರ್ಟಲ್ ಕೊಂಬ್ಯಾಟ್ ಅಂಥ ದೊಡ್ಡ ಗೇಮ್‌ಗಳು ಬಿಡುಗಡೆ ಆಗಿದ್ದವು. ಭಾನುವಾರ ಈಸ್ಟರ್ ಹಬ್ಬ. ಮಕ್ಕಳಿಗೆ ರಜೆ, ದೊಡ್ಡವರಿಗೂ ರಜೆ. ಬೇರೆ ಬೇರೆ ಊರಲ್ಲಿರುವ ಗೆಳೆಯರು ಒಟ್ಟಿಗೆ ಆಡೋಣ ಅಂತ ಮಾತಾಡಿಕೊಂಡಿದ್ದ ದಿನಗಳು ಅವು. ಇನ್ನೊಂದು ಸಂಗತಿ ಕೇಳಿ. ಕ್ಯಾಪ್‌ಕಾಮ್ ಕಂಪನಿಯ ಒಂದೆರಡು ಗೇಮ್‌ಗಳು ಒಬ್ಬರೇ ಕೂತು ಆಡುವಾಗಲೂ ನೆಟ್‌ವರ್ಕಿಗೆ ಲಾಗಿನ್ ಆಗಿರಲೇಬೇಕು ಅಂತ ಕೇಳುತ್ತಿದ್ದವು. ಕಳ್ಳ ನಕಲು ತಡೆಯಲು ಮಾಡಿದ ಏರ್ಪಾಡು ಅದು. ಹಾಗಾಗಿ ದುಡ್ಡು ಕೊಟ್ಟು ಕೊಂಡು, ಮನೆಯ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದ ಗೇಮೂ ತೆರೆಯಲಿಲ್ಲ. ಎಲ್ಲೋ ದೂರದ ಸರ್ವರ್ ಒಪ್ಪಿದರೆ ಮಾತ್ರ ನಾವು ಕೊಂಡದ್ದು ನಮ್ಮದು ಅನ್ನುವುದು ತುಂಬ ಜನರಿಗೆ ಮೊದಲ ಸಲ ಅರ್ಥವಾದದ್ದು ಆಗಲೇ ಇರಬೇಕು.

21ನೇ ತಾರೀಖು ಕಂಪನಿ ಹೇಳಿದ್ದು, ಪೂರ್ತಿ ಸರಿಹೋಗಲು ಒಂದೆರಡು ದಿನ ಆಗಬಹುದು ಅಂತ. 22ಕ್ಕೆ ಹೇಳಿದ್ದು, ಹೊರಗಿನವರು ಯಾರೋ ಒಳಗೆ ನುಗ್ಗಿದ್ದಾರೆ ಅಂತ. ನಿಮ್ಮ ಹೆಸರು, ಮನೆ ವಿಳಾಸ, ಇಮೇಲ್, ಹುಟ್ಟಿದ ದಿನ, ಪಾಸ್‌ವರ್ಡ್ ಎಲ್ಲ ಅವರ ಕೈಗೆ ಸಿಕ್ಕಿದೆ ಅಂತ ನಂಬುತ್ತೇವೆ, ಕ್ರೆಡಿಟ್ ಕಾರ್ಡ್ ನಂಬರೂ ಹೋಗಿರಬಹುದು, ಹೋಗಿಲ್ಲ ಅಂತ ಹೇಳಲಾರೆವು ಎಂದು ತಿಳಿಸಿದ್ದು 26ಕ್ಕೆ.

20ರಿಂದ 26. ಆರು ದಿನ.

ನಾನು ಈ ಕತೆಗೆ ಪದೇ ಪದೇ ವಾಪಸ್ ಬರುವುದು ಈ ಆರು ದಿನಕ್ಕಾಗಿ. ಕಳ್ಳ ಒಳಗೆ ಬಂದದ್ದು ಹೇಗೆ ಎಂಬುದು ನನ್ನಂಥವರಿಗೆ ಕುತೂಹಲದ ವಿಷಯ, ನಿಜ. ಮೇ 1ರಂದು ಟೋಕಿಯೊದಲ್ಲಿ ಸೋನಿಯ ಅಧಿಕಾರಿಗಳೇ ಅದನ್ನು ವಿವರಿಸಿದರು. ಸಾಮಾನು ಕೊಳ್ಳುವ ಗಿರಾಕಿಯ ವೇಷದಲ್ಲಿ ಬಂದರು, ಹಾಗಾಗಿ ಬಾಗಿಲಲ್ಲಿ ಕಾವಲು ಕಾಯುವ ತಂತ್ರಾಂಶ ಫೈರ್‌ವಾಲ್‌ಗೆ ಅನುಮಾನ ಬರಲಿಲ್ಲ. ಅಪ್ಲಿಕೇಷನ್ ಸರ್ವರ್‌ನಲ್ಲಿದ್ದ ಒಂದು ಲೋಪವನ್ನು ಹಿಡಿದುಕೊಂಡು ಒಳಗೆ ಇಳಿದರು. ಆ ಲೋಪ ಹೊರಜಗತ್ತಿಗೆ ಮೊದಲೇ ಗೊತ್ತಿದ್ದದ್ದು, ತಮ್ಮ ಗಮನಕ್ಕೆ ಬಂದಿರಲಿಲ್ಲ ಅಂತ ಒಪ್ಪಿಕೊಂಡರು. ಒಳಗೆ ಬಂದವರು ಹೋಗುವಾಗ ಹೆಜ್ಜೆ ಗುರುತು ಸಿಗದ ಹಾಗೆ, ಸರ್ವರ್‌ನಲ್ಲಿ ನಡೆದದ್ದನ್ನೆಲ್ಲ ದಾಖಲಿಸುವ ಲಾಗ್ ಫೈಲ್‌ಗಳನ್ನೂ ಅಳಿಸಿ ಹೋಗಿದ್ದರು. ಇವೆಲ್ಲ ಕೆಲಸದ ಲೋಪಗಳು. ಇಂಥ ಲೋಪ ಎಲ್ಲಿ ಬೇಕಾದರೂ ಆಗುತ್ತದೆ, ಆಗಿದೆ. ಆದರೆ ಆದ ಮೇಲೆ ಬಾಯಿ ಬಿಡಲು ಎಷ್ಟು ಹೊತ್ತು ತೆಗೆದುಕೊಂಡರು ಅನ್ನುವುದು ಬೇರೆ ವಿಷಯ.

ಅಮೆರಿಕದ ಸಂಸದರು ಇದನ್ನೇ ಕೇಳಿದರು. ಸಂಸತ್ತಿನ ಸಮಿತಿ ವಿಚಾರಣೆಗೆ ಕರೆದಾಗ ಸೋನಿಯವರು ಹೋಗಲಿಲ್ಲ. ಪ್ಲೇಸ್ಟೇಷನ್ ವಿಭಾಗದ ಮುಖ್ಯಸ್ಥರಾಗಿದ್ದ ಕಜುವೊ ಹಿರಾಯ್ ಅವರ ಸಹಿ ಇದ್ದ ಉದ್ದನೆಯ ಪತ್ರ ಹೋಯಿತು. ನಾನು ಮೇಲೆ ಬರೆದ ನಾಲ್ಕೂಕಾಲು ಗಂಟೆಯ ವಿವರ ಬಂದದ್ದೂ ಆ ಪತ್ರದಿಂದಲೇ. ತಡವಾಗಿದ್ದಕ್ಕೆ ಅದರಲ್ಲಿ ಕೊಟ್ಟ ಕಾರಣ ಏನೆಂದರೆ, ಅರ್ಧಂಬರ್ಧ ವಿಷಯ ಹೇಳಿದ್ದರೆ ಜನ ಗೊಂದಲಕ್ಕೆ ಬೀಳುತ್ತಿದ್ದರು, ಅಗತ್ಯ ಇಲ್ಲದ್ದನ್ನೆಲ್ಲ ಮಾಡುತ್ತಿದ್ದರು ಅಂತ. ಮೂರು ಬೇರೆ ಬೇರೆ ತನಿಖಾ ಸಂಸ್ಥೆಗಳನ್ನು ಕರೆಸಿದ್ದೇವೆ, ಸರ್ವರ್‌ಗಳ ಪ್ರತಿ ತೆಗೆಯುವುದಕ್ಕೇ ದಿನಗಟ್ಟಲೆ ಹಿಡಿಯಿತು, 25ನೇ ತಾರೀಖಿಗೆ ನಮಗೆ ಖಚಿತವಾಯಿತು, 26ಕ್ಕೆ ಹೇಳಿದ್ದೇವೆ ಅಂತ.

ಓದಿದರೆ ಸುಳ್ಳು ಅನ್ನಿಸುವುದಿಲ್ಲ. ಆ ಕೋಣೆಯಲ್ಲಿ ನಿದ್ದೆಗೆಟ್ಟು ಕೂತವರ ಮೇಲೆ ನನಗೆ ಮರುಕವೂ ಇದೆ. ಆದರೂ ಆ ಮಾತನ್ನು ನಾನು ಒಪ್ಪುವುದಿಲ್ಲ. 20ರ ಮಧ್ಯಾಹ್ನವೇ ಏನೋ ಹೊರಗೆ ಹೋಗಿದೆ ಅಂತ ಗೊತ್ತಿತ್ತಲ್ಲ? "ಏನೋ ಕಳುವಾಗಿದೆ, ಏನು ಅಂತ ಇನ್ನೂ ಗೊತ್ತಿಲ್ಲ. ಇದೇ ಪಾಸ್‌ವರ್ಡನ್ನು ಬೇರೆ ಕಡೆ ಇಟ್ಟಿದ್ದರೆ ಈಗಲೇ ಬದಲಾಯಿಸಿಕೊಳ್ಳಿ." ಇಷ್ಟು ಹೇಳಿದ್ದರೆ ಯಾರಿಗೆ ಏನು ಗೊಂದಲ ಆಗುತ್ತಿತ್ತು? ಊರಲ್ಲಿ ಪಕ್ಕದ ಮನೆಯ ಬೀಗ ಮುರಿದಿರುವುದು ಕಂಡರೆ, ಏನೇನು ಹೋಗಿದೆ ಅಂತ ಪಟ್ಟಿ ಮಾಡಿದ ಮೇಲೆ ಅವರಿಗೆ ಫೋನ್ ಮಾಡುತ್ತೇವಾ? ಮೊದಲು ಫೋನ್ ಮಾಡುತ್ತೇವೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. ನಾನೂ ಒಮ್ಮೆ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ಬೆಂಗಳೂರಿನಲ್ಲಿ ಒಂದು ಚಿಕ್ಕ ಕಂಪನಿಯಲ್ಲಿದ್ದೆ. ಮನೆಗೆ ಸಾಮಾನು ತರಿಸಿಕೊಳ್ಳುವ ಗಿರಾಕಿಗಳ ಪಟ್ಟಿ ನಮ್ಮ ಹತ್ತಿರ ಇತ್ತು. ಹೆಸರು, ಫೋನ್, ವಿಳಾಸ, ಏನು ಕೊಂಡರು, ಎಷ್ಟು ಕೊಟ್ಟರು. ಒಂದು ಸೋಮವಾರ ಬೆಳಗ್ಗೆ ಗೊತ್ತಾಯಿತು, ಆ ಪಟ್ಟಿಯ ಹಳೆಯ ಪ್ರತಿಯೊಂದು ಪಾಸ್‌ವರ್ಡ್ ಇಲ್ಲದ ಒಂದು ಸರ್ವರ್‌ನಲ್ಲಿ ತಿಂಗಳಿಂದ ಬಿದ್ದಿತ್ತು ಅಂತ. ಯಾರೋ ಅದನ್ನು ಇಳಿಸಿಕೊಂಡಿದ್ದೂ ಕಾಣಿಸಿತು. ಸರ್ವರ್ ಮುಚ್ಚಿದೆವು. ಆಮೇಲೆ ಮೀಟಿಂಗ್ ಮೇಲೆ ಮೀಟಿಂಗ್. ವಕೀಲರು ನೋಡಲಿ, ಮ್ಯಾನೇಜ್‌ಮೆಂಟ್ ಒಪ್ಪಲಿ, ಅಲ್ಲಿಯ ತನಕ ಯಾರೂ ಗಿರಾಕಿಗಳ ಹತ್ತಿರ ಮಾತಾಡಬಾರದು ಅಂತ ಹೇಳಿದರು. ನಮಗೂ ಅದು ಸರಿ ಅಂತಲೇ ಕಂಡಿತು. ಪೂರ್ತಿ ತಿಳಿದ ಮೇಲೆ ಹೇಳೋಣ ಅಂತ ನಾನೂ ತಲೆ ಆಡಿಸಿದೆ.

ಬುಧವಾರ ಮಧ್ಯಾಹ್ನ ಒಂದು ಫೋನ್ ನನ್ನ ಹತ್ತಿರ ಬಂತು. ಚಿತ್ರದುರ್ಗದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ದನಿ ಸಣ್ಣಗಿತ್ತು. "ಸ್ವಾಮಿ, ನಿನ್ನೆ ಯಾರೋ ಫೋನ್ ಮಾಡಿದ್ರು. ನನ್ನ ಹೆಸರು ಹೇಳಿದ್ರು, ಮನೆ ವಿಳಾಸ ಹೇಳಿದ್ರು, ನಿಮ್ಮ ಹತ್ರ ತರಿಸಿದ ಮಿಕ್ಸಿ ಎಷ್ಟು ದುಡ್ಡಿಗೆ ತಗೊಂಡೆ ಅಂತಾನೂ ಹೇಳಿದ್ರು. ಬಹುಮಾನ ಬಂದಿದೆ, ಕಾರ್ಡ್ ನಂಬರ್ ಕೊಡಿ ಅಂದ್ರು. ಅವರು ನಿಮ್ಮೋರೇನಾ?"

ನನಗೆ ಎಲ್ಲ ಗೊತ್ತಿತ್ತು. ಆದರೂ ನಾನು ಹೇಳಿದ್ದು, "ವಿಚಾರಿಸಿ ತಿಳಿಸ್ತೀವಿ ಸರ್" ಅಂತ. ಕಾರ್ಡ್ ನಂಬರ್ ಯಾರಿಗೂ ಕೊಡಬೇಡಿ ಅಂತ ಮಾತ್ರ ಎರಡು ಸಲ ಹೇಳಿದೆ. ಅವರು ಆಗಲೇ ಕೊಟ್ಟಿದ್ದರೋ ಇಲ್ಲವೋ ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರೂ ಹೇಳಲಿಲ್ಲ. "ಆಗ್ಲಿ ಸ್ವಾಮಿ, ತೊಂದ್ರೆ ಕೊಟ್ಟೆ" ಅಂದು ಫೋನ್ ಇಟ್ಟರು. ನಾವು ಎಲ್ಲರಿಗೂ ಇಮೇಲ್ ಕಳಿಸಿದ್ದು ಶುಕ್ರವಾರ ಸಂಜೆ. ಆ ಇಮೇಲನ್ನು ಅವರು ಓದಿದರೋ ಇಲ್ಲವೋ.

ನಾಲ್ಕು ದಿನ ನಾವು ಸುಮ್ಮನೆ ಕೂತಿರಲಿಲ್ಲ. ಹಗಲು ರಾತ್ರಿ ಕೆಲಸ ಮಾಡಿದ್ದೆವು. ಆದರೆ ಮಾಡಿದ ಅಷ್ಟೂ ಕೆಲಸದಲ್ಲಿ ಆ ಮೇಷ್ಟ್ರಿಗೆ ಉಪಯೋಗಕ್ಕೆ ಬಂದದ್ದು ಒಂದೂ ಇಲ್ಲ. ಅವರಿಗೆ ಬೇಕಾಗಿದ್ದದ್ದು ಸೋಮವಾರ ಒಂದು ಎಸ್ಎಂಎಸ್.

ಸೋನಿಯ ಕತೆಗೆ ಬರುತ್ತೇನೆ. ಮೇ 1ರ ಭಾನುವಾರ ಹಿರಾಯ್ ಮತ್ತು ಇನ್ನಿಬ್ಬರು ಅಧಿಕಾರಿಗಳು ಕ್ಯಾಮೆರಾಗಳ ಎದುರು ಎದ್ದು ನಿಂತು ನಡು ಬಗ್ಗಿಸಿ ಕ್ಷಮೆ ಕೇಳಿದರು. ಜಪಾನಿನಲ್ಲಿ ಮಾರ್ಚ್ 11ರ ಭೂಕಂಪ, ಸುನಾಮಿ ಆಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಆ ಚಿತ್ರ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಮರುದಿನವೇ ಇನ್ನೊಂದು ಸುದ್ದಿ ಹೊರಬಿತ್ತು. ಸೋನಿಯದೇ ಇನ್ನೊಂದು ವಿಭಾಗ, ಕಂಪ್ಯೂಟರ್‌ನಲ್ಲಿ ಆಡುವ ಆನ್‌ಲೈನ್ ಗೇಮ್‌ಗಳದ್ದು. ಅಲ್ಲಿಂದಲೂ 2 ಕೋಟಿ 46 ಲಕ್ಷ ಖಾತೆಗಳ ಮಾಹಿತಿ ಹೋಗಿತ್ತು. ಅದರ ಜೊತೆಗೆ 2007ರ ಹಳೆಯ ಡೇಟಾಬೇಸ್ ಒಂದರಿಂದ ಅಮೆರಿಕದ ಹೊರಗಿನವರ ಸುಮಾರು 12,700 ಕಾರ್ಡ್ ನಂಬರ್‌ಗಳು. ಆಸ್ಟ್ರಿಯಾ, ಜರ್ಮನಿ, ನೆದರ್ಲೆಂಡ್ಸ್, ಸ್ಪೇನಿನ ಸುಮಾರು 10,700 ಜನರ ಬ್ಯಾಂಕ್ ಖಾತೆ ವಿವರ. ನಾಲ್ಕು ವರ್ಷ ಹಳೆಯ, ಯಾರಿಗೂ ಬೇಡವಾಗಿದ್ದ ಪಟ್ಟಿ ಅದು. ಅಟ್ಟದ ಮೇಲೆ ಹಾಕಿ ಮರೆತದ್ದನ್ನು ಕಳ್ಳ ಹುಡುಕಿ ತೆಗೆದ. ನಮ್ಮ ಕಂಪನಿಯಲ್ಲಿ ಬಿದ್ದಿದ್ದ ಹಳೆಯ ಪ್ರತಿ ನೆನಪಾಗುತ್ತದೆ ನನಗೆ. ಡೇಟಾ ಕೂಡಿಡುವುದಕ್ಕೆ ಎಲ್ಲರಿಗೂ ಗೊತ್ತು. ಅಳಿಸುವುದು ಯಾರ ಕೆಲಸ ಅಂತ ಕೇಳಿದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ.

ಪಾಸ್‌ವರ್ಡ್‌ಗಳ ಬಗ್ಗೆ ಆಮೇಲೆ ಒಂದು ಸ್ಪಷ್ಟನೆ ಬಂತು. ಅವು ಹಾಗೇ ಇರಲಿಲ್ಲ, ಹ್ಯಾಷ್ ಮಾಡಿ ಇಟ್ಟಿದ್ದೆವು ಅಂತ. ಹ್ಯಾಷ್ ಅಂದರೆ ರಾಗಿ ಬೀಸಿ ಹಿಟ್ಟು ಮಾಡಿ ಇಟ್ಟ ಹಾಗೆ. ಹಿಟ್ಟಿನಿಂದ ಮತ್ತೆ ರಾಗಿ ಕಾಳು ಮಾಡಲು ಬರುವುದಿಲ್ಲ. ಆದರೆ ಒಂದೇ ಪಾಸ್‌ವರ್ಡನ್ನು ಒಂದೇ ರೀತಿ ಬೀಸಿದರೆ ಪ್ರತಿ ಸಲವೂ ಒಂದೇ ಹಿಟ್ಟು ಬರುತ್ತದೆ. ಹಾಗಾಗಿ ಕಳ್ಳ ಲಕ್ಷಾಂತರ ಸುಲಭದ ಪಾಸ್‌ವರ್ಡ್‌ಗಳನ್ನು ತಾನೇ ಬೀಸಿ, ಯಾವುದು ಯಾವುದಕ್ಕೆ ಹೊಂದುತ್ತದೆ ಅಂತ ಪಕ್ಕದಲ್ಲಿಟ್ಟು ನೋಡಬಹುದು. ಕಾರ್ಡ್ ನಂಬರ್‌ಗಳಿದ್ದ ಪಟ್ಟಿಯನ್ನು ಎನ್‌ಕ್ರಿಪ್ಟ್ ಮಾಡಿದ್ದರು, ಅಂದರೆ ಅದು ಬೀಗದೊಳಗಿತ್ತು. ಹೆಸರು, ವಿಳಾಸ, ಹುಟ್ಟಿದ ದಿನ ಮಾತ್ರ ಕಾಳು ಕಾಳಾಗಿ ಮೊರದಲ್ಲಿ ಹರಡಿದ ಹಾಗೆ ಬಿದ್ದಿದ್ದವು.

ಎಲ್ಲರೂ ಚಿಂತೆ ಮಾಡಿದ್ದು ಕಾರ್ಡಿನ ಬಗ್ಗೆ. ಸಹಜವೇ. ಆದರೆ ಕಾರ್ಡ್ ಹೋದರೆ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸಬಹುದು, ವಾರದಲ್ಲಿ ಹೊಸದು ಬರುತ್ತದೆ. ಪಾಸ್‌ವರ್ಡ್ ಎರಡು ನಿಮಿಷದಲ್ಲಿ ಬದಲಾಗುತ್ತದೆ. ಹುಟ್ಟಿದ ದಿನವನ್ನು ಏನು ಮಾಡುವುದು? ಸೋನಿ ಕೊಟ್ಟ ಪಟ್ಟಿಯಲ್ಲಿ ಇನ್ನೊಂದೂ ಇತ್ತು. ಪಾಸ್‌ವರ್ಡ್ ಮರೆತರೆ ಕೇಳುವ ಗುಟ್ಟಿನ ಪ್ರಶ್ನೆ, ಅದರ ಉತ್ತರವೂ ಹೋಗಿರಬಹುದು ಅಂತ.

ಈ ಗುಟ್ಟಿನ ಪ್ರಶ್ನೆಗಳ ಮೇಲೆ ನನಗೆ ಮೊದಲಿನಿಂದಲೂ ಅಸಮಾಧಾನ. "ನಿಮ್ಮ ತಾಯಿಯ ಮದುವೆಗೆ ಮುಂಚಿನ ಅಡ್ಡಹೆಸರು ಏನು?" ಅಂತ ಕೇಳುತ್ತವೆ. ನಮ್ಮ ಅಮ್ಮನಿಗೆ ಅಡ್ಡಹೆಸರೇ ಇರಲಿಲ್ಲ. ಹೆಸರಿನ ಜೊತೆ ಊರಿನದೊಂದು ಅಕ್ಷರ, ತಾತನದೊಂದು ಅಕ್ಷರ, ಅಷ್ಟೇ. ಮೊದಲ ಸಲ ಆ ಪ್ರಶ್ನೆ ಎದುರಾದಾಗ ಏನು ಬರೆಯಬೇಕು ತಿಳಿಯದೆ ಅಮ್ಮನ ತವರೂರಿನ ಹೆಸರು ಬರೆದಿದ್ದೆ. ಆ ಊರಿನ ಹೆಸರು ನಮ್ಮ ನೆಂಟರಲ್ಲಿ ಯಾರಿಗೆ ಗೊತ್ತಿಲ್ಲ? ಮದುವೆಯ ಕರೆಯೋಲೆಯಲ್ಲಿ ಅಚ್ಚಾಗಿದೆ.

ಇನ್ನು ಅಪ್ಪನ ಹುಟ್ಟಿದ ದಿನ ಜೂನ್ 1. ಅವರ ಇಬ್ಬರು ತಮ್ಮಂದಿರದೂ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಡುಗನ ಎತ್ತರ ನೋಡಿ ಒಂದು ವರ್ಷ ಅಂದಾಜು ಮಾಡಿ, ಶಾಲೆ ಶುರುವಾಗುವ ತಾರೀಖನ್ನು ಬರೆದುಕೊಂಡರು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಾಗೆ ಹುಟ್ಟಿದವರು ಎಷ್ಟು ಜನರೋ. ಅಪ್ಪ ನಿಜವಾಗಿ ಹುಟ್ಟಿದ್ದು ದೀಪಾವಳಿಯ ಆಸುಪಾಸು ಅಂತ ಅಜ್ಜಿ ಹೇಳುತ್ತಿದ್ದರು. ಆದರೆ ಮೇಷ್ಟ್ರು ಅಂದಾಜಿನಲ್ಲಿ ಬರೆದ ಆ ತಾರೀಖು ಈಗ ಅವರ ಪಿಂಚಣಿಯಲ್ಲಿದೆ, ಬ್ಯಾಂಕಿನಲ್ಲಿದೆ, ಆಸ್ಪತ್ರೆಯ ಚೀಟಿಯಲ್ಲಿದೆ. ಇ-ಆಧಾರ್ ಪಿಡಿಎಫ್ ತೆರೆಯಬೇಕಾದರೆ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ ಒತ್ತಬೇಕು. ಜಾತಕ ಬರೆಸುವುದಕ್ಕೆ ಮಾತ್ರ ಬೇಕಾಗಿದ್ದ ಒಂದು ತಾರೀಖು ಬೀಗದ ಕೈ ಆಗಿಬಿಟ್ಟಿದೆ. ಅದೂ ಎಲ್ಲರಿಗೂ ಗೊತ್ತಿರುವ, ಬದಲಾಯಿಸಲು ಬಾರದ ಬೀಗದ ಕೈ.

ಇದು ಸುಮ್ನೆ ಹೇಳುವ ಮಾತಲ್ಲ. ಆ ಮೇ ತಿಂಗಳಲ್ಲೇ ಇದು ನಡೆಯಿತು. ಮೇ 14ರ ರಾತ್ರಿ ಅಮೆರಿಕದಲ್ಲಿ ನೆಟ್‌ವರ್ಕ್ ಒಂದೊಂದೇ ಕಡೆ ಮತ್ತೆ ತೆರೆದುಕೊಂಡಿತು. ಯುರೋಪಿನಲ್ಲೂ ಶುರುವಾಯಿತು. ಒಟ್ಟು 24 ದಿನ ಬಂದ್ ಆಗಿತ್ತು. ಎಲ್ಲರೂ ಪಾಸ್‌ವರ್ಡ್ ಬದಲಾಯಿಸಲೇಬೇಕು ಅಂತ ನಿಯಮ ಮಾಡಿದ್ದರು, ಒಳ್ಳೆಯದೇ. ಆದರೆ ಪಾಸ್‌ವರ್ಡ್ ಬದಲಾಯಿಸಲು ಇಟ್ಟಿದ್ದ ವೆಬ್ ಪುಟದಲ್ಲಿ ಒಂದು ತೂತು ಉಳಿದಿತ್ತು. ಬೇರೆಯವರ ಇಮೇಲ್ ಮತ್ತು ಹುಟ್ಟಿದ ದಿನ ಗೊತ್ತಿದ್ದರೆ ಸಾಕು, ಅವರ ಪಾಸ್‌ವರ್ಡನ್ನು ನೀವು ಬದಲಾಯಿಸಬಹುದಿತ್ತು. ಆ ಎರಡೂ ಸಂಗತಿಗಳು 7 ಕೋಟಿ 70 ಲಕ್ಷ ಖಾತೆಗಳದ್ದು ಕಳುವಾಗಿ ಒಂದು ತಿಂಗಳಾಗಿತ್ತು! ಮೇ 18ರಂದು ಸೋನಿ ಆ ಪುಟವನ್ನು ತೆಗೆದು, ತೂತು ಮುಚ್ಚಿತು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಜಾಸ್ತಿ ಕಸಿವಿಸಿ ಮಾಡುವುದು ಈ ನಾಲ್ಕು ದಿನ. ಯಾವುದು ಕಳುವಾಗಿದೆ ಅಂತ ತಾವೇ ಜಗತ್ತಿಗೆ ಹೇಳಿದ್ದರೋ, ಅದನ್ನೇ ಮತ್ತೆ ಗುರುತಿನ ಚೀಟಿ ಅಂತ ಒಪ್ಪಿಕೊಂಡರಲ್ಲ.

ಜಪಾನ್ ಸರ್ಕಾರ ಇಷ್ಟು ಸುಲಭಕ್ಕೆ ಒಪ್ಪಲಿಲ್ಲ. ಭದ್ರತೆಗೆ ಏನು ಮಾಡಿದ್ದೀರಿ ತೋರಿಸಿ ಅಂತ ಕೇಳಿತು. ಕಂಪನಿಯ ಸ್ವಂತ ದೇಶದಲ್ಲಿ ಮೇ ಕೊನೆಗೆ ಅರ್ಧ ಸೇವೆ ಶುರುವಾಗಿ, ಪೂರ್ತಿ ಸರಿಹೋಗಲು ಜುಲೈ ಬಂತು.

ವಾಪಸ್ ಬಂದವರಿಗೆ ಉಡುಗೊರೆ ಕೊಟ್ಟರು. ಐದು ಗೇಮ್‌ಗಳಲ್ಲಿ ಎರಡನ್ನು ಆರಿಸಿಕೊಳ್ಳಿ, ದುಡ್ಡು ಕೊಟ್ಟು ಪಡೆಯಬೇಕಾದ ಪ್ಲಸ್ ಸದಸ್ಯತ್ವ ಒಂದು ತಿಂಗಳು ಉಚಿತ ಅಂತ. ಜನ ವಾಪಸ್ ಬಂದರು, ಆಡಿದರು. ಅದರಲ್ಲಿ ತಪ್ಪೇನೂ ಇಲ್ಲ. ಗೆಳೆಯರು ಅಲ್ಲಿದ್ದರು, ಕೊಂಡ ಗೇಮ್ ಅಲ್ಲಿತ್ತು, ಬೇರೆ ಎಲ್ಲಿಗೆ ಹೋಗುತ್ತಾರೆ? ಆದರೆ ಆಟ ನಿಂತದ್ದು ಎಲ್ಲರಿಗೂ ಕಂಡಿತ್ತು, ಶುರುವಾದದ್ದೂ ಕಂಡಿತು. ಕಳುವಾದದ್ದು ಯಾರ ಕಣ್ಣಿಗೂ ಕಾಣಲಿಲ್ಲ. ಆಟ ಶುರುವಾದ ದಿನ ಎಲ್ಲ ಸರಿಹೋಯಿತು ಅನ್ನಿಸಿತು.

ಮಾಡಿದವರು ಯಾರು? ಇವತ್ತಿಗೂ ಹೆಸರು ಹೊರಗೆ ಬಂದಿಲ್ಲ. ಆ ವರ್ಷದ ಶುರುವಿನಲ್ಲಿ, ಪ್ಲೇಸ್ಟೇಷನ್ 3ರ ಬೀಗ ಬಿಡಿಸಿದ ಜಾರ್ಜ್ ಹಾಟ್ಜ್ ಎಂಬ ಯುವಕನ ಮೇಲೆ ಸೋನಿ ಕೇಸ್ ಹಾಕಿತ್ತು. ಅದಕ್ಕೆ ಸಿಟ್ಟಾಗಿ ಅನಾನಿಮಸ್ ಎಂಬ ಹ್ಯಾಕರ್‌ಗಳ ಗುಂಪು ಏಪ್ರಿಲ್ ಮೊದಲ ವಾರದಲ್ಲಿ ಸೋನಿಯ ಜಾಲತಾಣಗಳಿಗೆ ಕಾಟ ಕೊಟ್ಟಿತ್ತು. ಕಳ್ಳರು ಬಿಟ್ಟುಹೋದ ಒಂದು ಫೈಲಿಗೆ ಅನಾನಿಮಸ್ ಅಂತಲೇ ಹೆಸರಿತ್ತು ಎಂದು ಹಿರಾಯ್ ಅವರ ಪತ್ರದಲ್ಲಿದೆ. ಆ ಗುಂಪು ಇದು ನಮ್ಮದಲ್ಲ ಅಂದಿತು. ಅಲ್ಲಿಗೆ ಆ ದಾರಿ ಮುಗಿಯುತ್ತದೆ.

ಈ ಎಲ್ಲದಕ್ಕೆ ಸುಮಾರು 1,400 ಕೋಟಿ ಯೆನ್ ಖರ್ಚಾಗುತ್ತದೆ ಅಂತ ಸೋನಿ ಆಗ ಅಂದಾಜು ಮಾಡಿತು. 2013ರ ಜನವರಿಯಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಎರಡೂವರೆ ಲಕ್ಷ ಪೌಂಡ್ ದಂಡ ಹಾಕಿ, ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದು ಮಾಡಿಕೊಂಡಿದ್ದರೆ ಇದನ್ನು ತಡೆಯಬಹುದಿತ್ತು ಅಂದಿತು. ಅಮೆರಿಕದಲ್ಲಿ ಬಳಕೆದಾರರು ಹಾಕಿದ ಕೇಸ್ 2014ರಲ್ಲಿ ಒಂದೂವರೆ ಕೋಟಿ ಡಾಲರಿನ ಲೆಕ್ಕಕ್ಕೆ ರಾಜಿಯಾಯಿತು. ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್ ಕೂಡ ಕೇಳುವ ಎರಡು ಹಂತದ ಲಾಗಿನ್ ಪ್ಲೇಸ್ಟೇಷನ್‌ಗೆ ಬಂದದ್ದು 2016ರಲ್ಲಿ. ಐದು ವರ್ಷ!

ನಮ್ಮ ದೇಶದ ಕಾನೂನನ್ನು ನೋಡುವಾಗ ಒಂದು ಕಾಕತಾಳೀಯ ಕಣ್ಣಿಗೆ ಬಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ, ಜನರ ಸೂಕ್ಷ್ಮ ಮಾಹಿತಿಯನ್ನು ಕಂಪನಿಗಳು ಹೇಗೆ ಕಾಪಾಡಬೇಕು ಅನ್ನುವ ನಿಯಮಗಳು ಭಾರತದಲ್ಲಿ ಬಂದದ್ದು ಅದೇ 2011ರ ಏಪ್ರಿಲ್ 11ಕ್ಕೆ. ಸೋನಿಯ ಕಳ್ಳತನಕ್ಕೆ ಒಂದು ವಾರ ಮುಂಚೆ. ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯದ ವಿವರ ಎಲ್ಲ ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲಿದ್ದವು. ಹುಟ್ಟಿದ ದಿನ ಇರಲಿಲ್ಲ. ಕಳುವಾದರೆ ಮಾಹಿತಿಯ ಒಡೆಯನಿಗೆ ಹೇಳಲೇಬೇಕು ಅನ್ನುವ ಮಾತೂ ಇರಲಿಲ್ಲ. ನಾನು ಆ ಮೇಷ್ಟ್ರಿಗೆ "ವಿಚಾರಿಸಿ ತಿಳಿಸ್ತೀವಿ" ಅಂದ ದಿನ ಯಾವ ಕಾನೂನೂ ನನ್ನ ಕಿವಿ ಹಿಂಡಲಿಲ್ಲ. ಜನರ ವೈಯಕ್ತಿಕ ಮಾಹಿತಿ ಕಾಪಾಡಲು ಬಂದ 2023ರ ಹೊಸ ಕಾಯ್ದೆ, 2025ರ ನವೆಂಬರ್‌ನಲ್ಲಿ ಬಂದ ಅದರ ನಿಯಮಗಳು ಈಗ ಆ ಮಾತನ್ನು ಹೇಳುತ್ತವೆ. ಯಾರ ಮಾಹಿತಿ ಹೋಯಿತೋ ಅವರಿಗೆ ತಡ ಮಾಡದೆ ತಿಳಿಸಬೇಕು, ಅದೂ ಸರಳವಾದ ಮಾತಿನಲ್ಲಿ. ತಿಳಿಸದಿದ್ದರೆ 200 ಕೋಟಿ ರೂಪಾಯಿಯ ತನಕ ದಂಡ ಬೀಳಬಹುದು. ಕಂಪನಿಗಳಿಗೆ ತಯಾರಾಗಲು ಹದಿನೆಂಟು ತಿಂಗಳ ಸಮಯ ಕೊಟ್ಟಿದ್ದಾರೆ. ಹದಿನೆಂಟು ವರ್ಷದೊಳಗಿನ ಮಕ್ಕಳ ಮಾಹಿತಿ ತೆಗೆದುಕೊಳ್ಳಲು ಅಪ್ಪ ಅಮ್ಮನ ಒಪ್ಪಿಗೆಯೂ ಬೇಕು.

ಅಕ್ಕನ ಮಗ ಕತೆ ಮುಗಿಯುವ ತನಕ ಕಂಟ್ರೋಲರ್ ಹಿಡಿದುಕೊಂಡೇ ಕೂತಿದ್ದ. ಹುಟ್ಟಿದ ದಿನ ನಿಜವಾದ್ದೇ ಕೊಡು ಅಂದೆ. ಅವನು ಚಿಕ್ಕವನು ಅಂತ ಆ ಪೆಟ್ಟಿಗೆಗೆ ಗೊತ್ತಾಗಬೇಕು. ಆಗ ಅಪರಿಚಿತರು ಅವನ ಜೊತೆ ಮಾತಾಡದ ಹಾಗೆ, ಅಕ್ಕನ ಒಪ್ಪಿಗೆ ಇಲ್ಲದೆ ದುಡ್ಡು ಖರ್ಚಾಗದ ಹಾಗೆ ಬೀಗ ಹಾಕಬಹುದು. ಸುಳ್ಳು ವಯಸ್ಸು ಕೊಟ್ಟರೆ ಆ ಬೀಗ ಬೀಳುವುದಿಲ್ಲ. ಪಾಸ್‌ವರ್ಡ್ ಮಾತ್ರ ಬೇರೆ ಎಲ್ಲೂ ಬಳಸದ್ದು ಇಡು, ಕಾರ್ಡ್ ನಂಬರನ್ನು ಅಲ್ಲಿ ಉಳಿಸಬೇಡ, ಗುಟ್ಟಿನ ಪ್ರಶ್ನೆ ಎಲ್ಲಾದರೂ ಕೇಳಿದರೆ ನಿಜ ಹೇಳಬೇಡ, ತಲೆಗೆ ಬಂದದ್ದು ಬರೆದು ನೆನಪಿಟ್ಟುಕೋ ಅಂದೆ. ಅಡುಗೆಮನೆಯಿಂದ ಅಕ್ಕ ಬಂದು ತನ್ನ ಫೋನಿನಲ್ಲಿ ಒಪ್ಪಿಗೆ ಒತ್ತಿದಳು. ಎರಡು ಹಂತದ ಲಾಗಿನ್ನೂ ಹಾಕಿಸಿದೆ.

ಡೌನ್‌ಲೋಡ್ ಶುರುವಾಯಿತು. ಮುಗಿಯಲು ಐದು ಗಂಟೆ ಅಂತ ತೋರಿಸುತ್ತಿತ್ತು. ಅವನು ಸೋಫಾದಲ್ಲಿ ಕಾಲು ಮಡಚಿಕೊಂಡು ಕೂತು ಸ್ವಲ್ಪ ಹೊತ್ತು ಆ ಪಟ್ಟಿ ನಿಧಾನಕ್ಕೆ ತುಂಬುವುದನ್ನೇ ನೋಡಿದ. ಆಮೇಲೆ ಕೇಳಿದ.

"ಮಾವ, ಆ ಮೇಷ್ಟ್ರು ಕಾರ್ಡ್ ನಂಬರ್ ಕೊಟ್ಟಿದ್ರಾ?"

"ಗೊತ್ತಿಲ್ಲ ಕಣೋ."

"ನೀನು ವಾಪಸ್ ಫೋನ್ ಮಾಡಿ ಕೇಳ್ಲಿಲ್ವಾ?"

"ಇಲ್ಲ" ಅಂದೆ.